ಕಂಬದ ಆಚೆಯ ರೇಡಿಯೋ

ಪಿಳ್ಳಮ್ಮನಿಗೆ ಹೊಟ್ಟೆಕಿಚ್ಚು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳ ಜಾಗದಲ್ಲಿ ನಿಂತು ನೋಡಿದವರು ಯಾರು? ಒಂದೇ ಮನೆ ಅಣ್ಣತಮ್ಮಂದಿರಿಗೆ ಎರಡು ಪಾಲಾಗಿತ್ತು. ಒಂದೇ ಜಗುಲಿ, ನಡುವಿನ ಮರದ ಕಂಬವೇ ಗಡಿ. ಕಂಬದ ಈಚೆ ಹಿರಿಯ ಸೊಸೆ ಪಿಳ್ಳಮ್ಮ, ಆಚೆ ಓರಗಿತ್ತಿ ಮುನಿರತ್ನಮ್ಮ. ಆಚೆಯ ಬಾಗಿಲಲ್ಲಿ ಮೂರು ಮಕ್ಕಳು ಕಿರುಚಿಕೊಂಡು ಒಳಗೂ ಹೊರಗೂ ಓಡುತ್ತಿದ್ದರೆ, ಈಚೆಯ ಬಾಗಿಲಲ್ಲಿ ಒಂದು ಬೆಕ್ಕು ಮಲಗಿರುತ್ತಿತ್ತು. ಹಾಲಿನ ಹೊತ್ತಿಗೆ ಅದೂ ಎದ್ದು ಆಚೆಗೇ ಹೋಗುತ್ತಿತ್ತು.

ಮಕ್ಕಳು ಕೊಡದಿದ್ದರೂ ದೇವರು ಪಿಳ್ಳಮ್ಮನಿಗೆ ಬಾಯಿಯೊಂದನ್ನು ಧಾರಾಳವಾಗಿ ಕೊಟ್ಟಿದ್ದ. ಗಂಡ ಆವಲಪ್ಪ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಕುಂದಾಣದ ಮೇಲೆ ದೇವನಹಳ್ಳಿಗೆ ಹೋಗುವಾಗ ಅವಳೂ ಮೂಟೆಗಳ ಮೇಲೆ ಕೂತು ಹೋಗುತ್ತಿದ್ದಳು. ಅಲ್ಲಿನ ಸಿನಿಮಾ ಟೆಂಟಿನಲ್ಲಿ ಮಣ್ಣಿನ ಮೇಲೆ ಕಾಲು ಮಡಚಿ ಕೂತು ಮೊದಲನೆಯ ಆಟ ನೋಡಿ ಬರುತ್ತಿದ್ದಳು. ಮಾರನೆಯ ಸಂಜೆ ಕೇರಿಯ ಹೆಂಗಸರೆಲ್ಲ ಅವಳ ಜಗುಲಿಯಲ್ಲಿ. ಅವರೆಯ ಕಾಲದಲ್ಲಂತೂ ಒಬ್ಬೊಬ್ಬರೂ ನೆನೆಸಿದ ಕಾಳಿನ ಪಾತ್ರೆ ಹಿಡಿದೇ ಬರುತ್ತಿದ್ದರು. ಅವರೆ ಹಿದುಕುವುದೆಂದರೆ ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆಯೊಳಗಿಂದ ಬೇಳೆಯನ್ನು ಹಾರಿಸಬೇಕು. ಕೈಗೆ ಕೆಲಸ, ಮನಸ್ಸಿಗೆ ಬೇಜಾರು. ಕತೆಯಿಲ್ಲದೆ ಪಾತ್ರೆ ತುಂಬುವುದಿಲ್ಲ.

ಪಿಳ್ಳಮ್ಮ ಕತೆ ಹೇಳುತ್ತಿರಲಿಲ್ಲ, ಸಿನಿಮಾವನ್ನೇ ಜಗುಲಿಗೆ ಇಳಿಸುತ್ತಿದ್ದಳು. ಖಳ ಬಂದರೆ ಇಲ್ಲದ ಮೀಸೆ ತಿರುವುತ್ತಿದ್ದಳು, ಮಳೆ ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ನಾಯಕಿ ಅಳುವಾಗ ತಾನು ಅಳುತ್ತಿರಲಿಲ್ಲ, ಎದುರಿಗಿದ್ದವರನ್ನು ಅಳಿಸುತ್ತಿದ್ದಳು. ಕತೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಹಿಡಿ ಬೇಳೆ ಅವಳ ಪಾತ್ರೆಗೆ ಹಾಕಿ ಹೋಗುವುದು ರೂಢಿ. ಆ ಹಿಡಿ ಬೇಳೆಯ ಸಾರಿನ ರುಚಿ ಬೇರೆ ಎಂದು ಪಿಳ್ಳಮ್ಮ ಗಂಡನ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಆವಲಪ್ಪ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

ಎಪ್ಪತ್ತೊಂದರ ದಸರೆಗೆ ಆ ಜಂಬಕ್ಕೆ ಕಲ್ಲು ಬಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮೈದುನ ಹನುಮಂತರಾಯಪ್ಪ ಕಂದು ಚರ್ಮದ ಕೋಟು ತೊಟ್ಟ ಟ್ರಾನ್ಸಿಸ್ಟರ್ ಒಂದನ್ನು ತಂದು ಕಂಬದ ಆಚೆಯ ಗೂಡಿನಲ್ಲಿಟ್ಟ. ಮೊದಲನೆಯ ವಾರ ಹೆಂಗಸರು ಅದನ್ನು ನೋಡಲು ಹೋದರು, ಎರಡನೆಯ ವಾರ ಕೇಳಲು ಹೋದರು. ಆಮೇಲೆ ಕಾಳಿನ ಪಾತ್ರೆಗಳೂ ಆಚೆಗೇ ಹೋದವು. ಆ ಒಂದು ಹಿಡಿ ಬೇಳೆಯೂ ಮುನಿರತ್ನಮ್ಮನ ಪಾತ್ರೆಗೇ ಬೀಳತೊಡಗಿತು. ಪಿಳ್ಳಮ್ಮನ ಮನೆಯಲ್ಲೇ ಉಂಡು, ಅಲ್ಲೇ ಮಲಗುವ ಅತ್ತೆ ಸಪ್ಪಲಮ್ಮ ಕೂಡ ಸಂಜೆಯಾದರೆ ಚಾಪೆ ಸುತ್ತಿಕೊಂಡು ಕಂಬ ದಾಟುತ್ತಿದ್ದಳು. ಬೆಕ್ಕಿಗಾದರೆ ಹಾಲಿನ ಆಸೆ, ಈ ಮುದುಕಿಗೇನು ಬಂದಿತ್ತು?

ಆ ರೇಡಿಯೋದಲ್ಲಿ ಗಂಡಹೆಂಡಿರ ಜಗಳದ ಒಂದು ನಗೆನಾಟಕ ಬರುತ್ತಿತ್ತು. ಗಂಡ ಛತ್ರಿ ಕಳೆದುಕೊಂಡು ಬಂದು ಹೆಂಡತಿಗೆ ಒಂದೊಂದು ಸುಳ್ಳು ಪೋಣಿಸುವುದು. ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಗಂಡ ಬಾಗಿಲು ತಟ್ಟುವ ಸದ್ದಿಗೇ ಹೆಂಗಸರು ಕಿಸಕ್ಕೆಂದು ನಗಲು ಶುರು ಮಾಡುತ್ತಿದ್ದರು.

"ನಿನ್ನೆ ಮೊನ್ನೆ ಕೇಳಿದ್ದೇ ಅಲ್ವೇನ್ರೇ? ಅದಕ್ಕೂ ಹಲ್ಲು ಕಿರೀತೀರಲ್ಲ!" ಎಂದಳು ಪಿಳ್ಳಮ್ಮ ಒಂದು ಸಂಜೆ ಈಚೆಯಿಂದ.

"ಕೇಳಿದ್ದಕ್ಕೇ ಕಣಕ್ಕಾ ನಗು ಬರೋದು," ಎಂದಳು ಎದುರು ಮನೆಯ ಪಾಪಕ್ಕ. "ಅದೇ ಮಾತು, ಅದೇ ದನಿ, ಒಂದಕ್ಷರ ಆಚೀಚೆ ಆಗಾಕಿಲ್ಲ. ನೀನಾದ್ರೆ ಒಂದೊಂದ್ಸಲ ಒಂದೊಂದು ತರ ಹೇಳ್ತೀಯ."

ಈ ಮಾತು ಪಿಳ್ಳಮ್ಮನಿಗೆ ಮುಳ್ಳಾಗಿ ನಾಟಿತು. ಒಂದೊಂದು ಸಲ ಒಂದೊಂದು ತರ ಹೇಳುವುದೇ ತನ್ನ ಹೆಚ್ಚುಗಾರಿಕೆ ಎಂದು ಅವಳು ತಿಳಿದಿದ್ದಳು. ಅಂದಿನಿಂದ ಜಗುಲಿಯಲ್ಲಿ ಒಬ್ಬಳೇ ಕೂತು ಅವರೆ ಹಿದುಕುತ್ತಾ, ಆಚೆಯ ಪ್ರತಿ ನಗುವಿಗೂ ಒಂದು ಕಾಳನ್ನು ಜಜ್ಜಿ ಹಾಕುತ್ತಿದ್ದಳು. ಆ ಪೆಟ್ಟಿಗೆಯ ಗಂಟಲು ಕಟ್ಟಿಹೋಗಲಿ ಎಂದು ಮುನೇಶ್ವರನಿಗೆ ಹರಕೆಯನ್ನೂ ಹೊತ್ತಳು.

ಮುನೇಶ್ವರ ಕೇಳಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಮೈದುನ ಕಂಬದ ಹತ್ತಿರ ಬಂದು ನಿಂತ.

"ಅತ್ತಿಗೆ, ಹಬ್ಬದ ಮಾರನೆ ದಿನ ರೇಡಿಯೋದಾಗೆ ಪೂರ್ತಿ ಸಿನಿಮಾ ಹಾಕ್ತಾರಂತೆ, ಮಾತು ಹಾಡು ಎಲ್ಲಾ. ನೀವು ಹೇಳ್ತಿದ್ರಲ್ಲ, ಮಕ್ಕಳಿಲ್ದೋಳ ಕತೆ, ಅದೇ ಸಿನಿಮಾ! ಬಂದು ಕೂತ್ಕೊಳ್ಳಿ."

ಪಿಳ್ಳಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಅಲ್ಲಿಯವರೆಗೆ ಇದ್ದದ್ದು ಹೊಟ್ಟೆಕಿಚ್ಚು ಮಾತ್ರ. ಈಗ ಅದರ ಜೊತೆಗೆ ಹೆದರಿಕೆಯೂ ಬಂತು. ಆ ಹೆದರಿಕೆಗೆ ಒಂದು ಹಿನ್ನೆಲೆಯಿದೆ.

ಎಂಟು ವರ್ಷದ ಹಿಂದಿನ ಮಾತು. ಪಿಳ್ಳಮ್ಮನಿಗೆ ಮದುವೆಯಾಗಿ ಬಹಳ ಕಾಲ ಕಳೆದರೂ ಮಡಿಲು ತುಂಬಿರಲಿಲ್ಲ. ಮನೆಗೆ ಹೊಸದಾಗಿ ಬಂದಿದ್ದ ಮುನಿರತ್ನಮ್ಮನಿಗೆ ಆಗಲೇ ಐದು ತಿಂಗಳು. ಸಪ್ಪಲಮ್ಮ ಹಿರಿಯ ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತೆತ್ತಿದ್ದಳು. ಕೋಲಾರದ ಕಡೆ ಹೆಣ್ಣನ್ನೂ ಗೊತ್ತು ಮಾಡಿದ್ದಳು. ಆವಲಪ್ಪ ಬೇಡ ಎನ್ನಲೂ ಇಲ್ಲ, ಬೇಕು ಎನ್ನಲೂ ಇಲ್ಲ. ಅಂಥ ದಿನಗಳಲ್ಲಿ ಪಿಳ್ಳಮ್ಮ ಟೆಂಟಿನಲ್ಲಿ ಆ ಸಿನಿಮಾ ನೋಡಿದ್ದು. ಅದರಲ್ಲಿ ಮಕ್ಕಳಿಲ್ಲದ ಹಿರಿಯಳು ತಾನೇ ನಿಂತು ಗಂಡನಿಗೆ ಎರಡನೆಯ ಮದುವೆ ಮಾಡಿಸುತ್ತಾಳೆ. ಕಿರಿಯಳು ಹೆರುತ್ತಾಳೆ. ಮನೆಯಲ್ಲಿ ಹಿರಿಯಳನ್ನು ಕೇಳುವವರೇ ಇಲ್ಲವಾಗುತ್ತಾರೆ. ಕೊನೆಗೆ ಅವಳು ಕೆರೆಗೆ ಹಾರುತ್ತಾಳೆ, ಎಲ್ಲರೂ ಅವಳನ್ನು ದೇವತೆ ಎಂದು ಹೊಗಳುತ್ತಾರೆ. ಸತ್ತ ಮೇಲೆ ದೇವತೆಯಾಗಿ ಏನುಪಯೋಗ?

ಮಾರನೆಯ ಸಂಜೆ ಕತೆ ಹೇಳುತ್ತಾ ಹೇಳುತ್ತಾ ಕೆರೆಯ ಏರಿಯವರೆಗೆ ಬಂದಳು. ಅಲ್ಲಿ ಅವಳ ಬಾಯಿ ಬೇರೆ ದಾರಿ ಹಿಡಿಯಿತು. ಕಿರಿಯಳು ಕೂಸನ್ನೆತ್ತಿಕೊಂಡು ಏರಿಯ ಮೇಲೆ ಓಡಿ ಬಂದಳು. ಕೂಸನ್ನು ಹಿರಿಯಳ ಮಡಿಲಿಗೆ ಹಾಕಿ, "ಅಕ್ಕಾ, ಇದು ನಿನ್ನದು, ನಾನು ಬರೀ ಹೆತ್ತೋಳು," ಎಂದಳು. ಗಂಡನೂ ಅತ್ತೆಯೂ ಬಂದು ತಪ್ಪಾಯಿತೆಂದು ಕೈ ಮುಗಿದರು. ಜಗುಲಿಯಲ್ಲಿ ಒಬ್ಬರ ಕಣ್ಣೂ ಒಣಗಿರಲಿಲ್ಲ. ಸಪ್ಪಲಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಎದ್ದು ಹೋದಳು. ಕೋಲಾರದ ಹೆಣ್ಣಿನ ಸುದ್ದಿಯನ್ನು ಆಮೇಲೆ ಅವಳು ಎತ್ತಲಿಲ್ಲ.

ಅಂಥ ಕತೆಯ ನಿಜವಾದ ಕೊನೆಯನ್ನು ರೇಡಿಯೋ ಊರಿಗೆಲ್ಲ ಕೇಳುವಂತೆ ಹೇಳಲಿತ್ತು. ಪಿಳ್ಳಮ್ಮ ತನ್ನ ಅನುಕೂಲಕ್ಕೆ ಸಿನಿಮಾವನ್ನೇ ತಿರುಚಿದಳು ಎಂದು ಅತ್ತೆಗೆ ಗೊತ್ತಾಗಲಿತ್ತು. ಮೂವತ್ತೈದು ದಾಟದ ಮಗನಿಗೆ ಈಗಲೂ ಹೆಣ್ಣು ಸಿಗದೆ ಹೋಗುತ್ತದೆಯೇ?

ಹಬ್ಬದ ಬೆಳಿಗ್ಗೆ ಮುನಿರತ್ನಮ್ಮ ರೇಡಿಯೋದ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಸಂಡಿಗೆಯ ಜೊತೆ ಬಿಸಿಲಿಗಿಟ್ಟಿದ್ದಳು. ಸೊರಗಿದ ಸೆಲ್ಲು ಬಿಸಿಲು ಕಾದರೆ ಮತ್ತೆ ಜೀವ ಹಿಡಿಯುತ್ತದೆ ಎಂಬುದು ಆ ಊರಿನಲ್ಲಿ ರೇಡಿಯೋ ಜೊತೆಗೇ ಬಂದ ನಂಬಿಕೆ. ಪಿಳ್ಳಮ್ಮ ಕಾಗೆ ಓಡಿಸುವ ನೆಪದಲ್ಲಿ ಏಣಿ ಹತ್ತಿದಳು. ಇಳಿದು ಬರುವಾಗ ಅವಳ ಸೆರಗಿನ ಗಂಟಿನಲ್ಲಿ ಒಂದು ಸೆಲ್ಲು ಬೆಚ್ಚಗೆ ಕೂತಿತ್ತು. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿತ್ತು.

ಆ ಹಗುರ ಸಂಜೆಯವರೆಗೂ ಉಳಿಯಲಿಲ್ಲ. "ಹಳೇದೊಂದನ್ನ ಯಾವ ಮಂಗ ಎತ್ಕೊಂಡೋಯ್ತೋ, ಹಾಳಾಗ್ಲಿ," ಎನ್ನುತ್ತಾ ಹನುಮಂತರಾಯಪ್ಪ ದೇವನಹಳ್ಳಿಗೆ ಸೈಕಲ್ ತುಳಿದು ಹೊಸ ಸೆಲ್ಲುಗಳನ್ನೇ ತಂದುಬಿಟ್ಟ. ಕದ್ದದ್ದೂ ದಂಡ, ಮಂಗನೆನಿಸಿಕೊಂಡದ್ದೂ ದಂಡ.

ಹಬ್ಬದ ಮಾರನೆಯ ಸಂಜೆ ಕಂಬದ ಆಚೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಕಾಳಿನ ಪಾತ್ರೆಗಳನ್ನು ಮೊಣಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದರು. ಗಂಡಸರು ಬೀದಿಯಲ್ಲಿ ನಿಂತಿದ್ದರು. ಸಪ್ಪಲಮ್ಮ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದ್ದಳು. ಪಿಳ್ಳಮ್ಮ ಆಚೆಗೆ ಹೋಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದಕ್ಕೂ ಆಗಲಿಲ್ಲ. ಕಂಬಕ್ಕೆ ಒರಗಿ ಕೂತಳು.

ಮೊದಲು ಅದೇ ಛತ್ರಿಯ ನಾಟಕ ಬಂತು, ಎಲ್ಲರೂ ಅದೇ ಜಾಗದಲ್ಲಿ ನಕ್ಕರು. ಆಮೇಲೆ ಸಿನಿಮಾ ಶುರುವಾಯಿತು. ಮಾತಿಗಿಂತ ಪಿಟೀಲೇ ಹೆಚ್ಚು. ನಡುನಡುವೆ ಬರೀ ಹೆಜ್ಜೆ ಸದ್ದು, ಬಾಗಿಲ ಸದ್ದು. "ಈಗ ಯಾರು ಬಂದ್ರು?" ಎಂದು ಪಾಪಕ್ಕ ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೇರೆ ದಿನವಾಗಿದ್ದರೆ ಪಿಳ್ಳಮ್ಮ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಇವತ್ತು ಅವಳು ಕೆರೆ ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುತ್ತಿದ್ದಳು. ಮದುವೆ ಆಯಿತು, ಹೆರಿಗೆ ಆಯಿತು, ಹಿರಿಯಳು ಅಳುವ ಹಾಡು ಬಂತು. ಹಾಡು ಮುಗಿದು ನೀರಿನ ಸದ್ದು ಕೇಳಿಸತೊಡಗಿತು.

"ಕೆರೆ ಏರಿ ಬಂತು! ಈಗ ಕಿರಿಯೋಳು ಕೂಸು ಎತ್ಕೊಂಡು ಓಡಿಬರ್ತಾಳೆ ನೋಡ್ರೇ," ಎಂದಳು ಸಪ್ಪಲಮ್ಮ ಸಡಗರದಿಂದ.

ಪಿಳ್ಳಮ್ಮ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡಳು. ಆದರೆ ಆಗಲಿಲ್ಲ. ಹಾಗಾಗಿಯೇ ಅವಳಿಗೆ ಕಂಡಿತು. ಗೂಡಿನ ಪಕ್ಕದಲ್ಲಿ ಸಣ್ಣ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಮುನಿರತ್ನಮ್ಮನ ಕೈ ಮಗುವಿನ ಬೆನ್ನಿನಿಂದ ಮೆಲ್ಲಗೆ ಜಾರಿ ರೇಡಿಯೋದ ತಿರುಪನ್ನು ಒಂದು ಸುತ್ತು ತಿರುಗಿಸಿತು. ಕಿರ್ರೆಂದು ಸದ್ದಾಗಿ ಪೆಟ್ಟಿಗೆ ಮೂಕವಾಯಿತು.

"ಅಯ್ಯೋ, ಸೆಲ್ಲು ಹೋಗ್ಬಿಡ್ತು!" ಎಂದಳು ಮುನಿರತ್ನಮ್ಮ.

ಜಗುಲಿಯೆಲ್ಲ ಗುಲ್ಲೆದ್ದಿತು. ಹನುಮಂತರಾಯಪ್ಪ ಬೀದಿಯಿಂದಲೇ, "ನಿನ್ನೆ ತಂದ ಸೆಲ್ಲು ಕಣೇ!" ಎಂದು ಕೂಗಿದ.

"ಅಂಗಡಿಯೋನು ಹಳೇದು ಕೊಟ್ಟವ್ನೆ ಬಿಡಿ," ಎಂದು ಅವಳು ಗಂಡನ ಬಾಯಿ ಮುಚ್ಚಿಸಿದಳು. ಆಮೇಲೆ ಕಂಬದ ಕಡೆ ತಿರುಗಿದಳು. "ಅಕ್ಕಾ, ಕೊನೆ ನೀವೇ ಹೇಳ್ಬಿಡಿ. ಇಲ್ದಿದ್ರೆ ಇವರ್ಯಾರೂ ಮನೆಗೆ ಹೋಗಾಕಿಲ್ಲ."

"ಹೂಂ ಕಣೇ, ಹೇಳು," ಎಂದಳು ಸಪ್ಪಲಮ್ಮ, ಕೂತಲ್ಲಿಂದಲೇ ಚಾಪೆಯನ್ನು ಈಚೆಗೆ ತಿರುಗಿಸಿಕೊಳ್ಳುತ್ತಾ.

ಪಿಳ್ಳಮ್ಮ ಎದ್ದು ನಿಂತಳು. ಕೆರೆಯ ಏರಿಯಿಂದಲೇ ಕತೆ ಎತ್ತಿಕೊಂಡಳು. ಕಿರಿಯಳು ಏರಿಯ ಮೇಲೆ ಏದುಸಿರು ಬಿಡುತ್ತಾ ಓಡಿಬಂದಳು. ಕೂಸು ಹಿರಿಯಳ ಮಡಿಲಿಗೆ ಬಿತ್ತು. ಈ ಸಲ ಮಾತ್ರ ಪಿಳ್ಳಮ್ಮ ಎದುರಿಗಿದ್ದವರಿಗಿಂತ ಮೊದಲು ತಾನೇ ಅತ್ತುಬಿಟ್ಟಳು. ಎಂದೂ ಅಳದವಳು ಅತ್ತದ್ದು ಕಂಡು ಹೆಂಗಸರು ಇನ್ನಷ್ಟು ಅತ್ತರು. ಹೋಗುವಾಗ ಹಿಡಿ ಹಿಡಿ ಬೇಳೆ ಅವಳ ಪಾತ್ರೆಗೆ ಬಿತ್ತು, ಪಾಪಕ್ಕನದು ಎರಡು ಹಿಡಿ.

ಎಲ್ಲರೂ ಹೋದ ಮೇಲೆ ಮುನಿರತ್ನಮ್ಮ ಕಂಬದ ಹತ್ತಿರ ಬಂದು ತನ್ನ ಬೊಗಸೆ ಬೇಳೆಯನ್ನೂ ಆ ಪಾತ್ರೆಗೆ ಸುರಿದಳು.

"ಸೆಲ್ಲು ಹೋಗಿಲ್ಲ," ಎಂದಳು ಪಿಳ್ಳಮ್ಮ.

"ಇಲ್ಲ."

"ಆ ಸಿನಿಮಾ ನೋಡಿದ್ಯಾ ನೀನು?"

"ಹೊಸಕೋಟೇಲಿ, ನಮ್ಮವ್ವನ ಜೊತೆ. ಮದುವೆಗೆ ಮುಂಚೆ."

ಅಂದರೆ ಮೊದಲ ಸಲ ಕತೆ ಹೇಳಿದ ದಿನದಿಂದಲೂ ಇವಳಿಗೆ ಗೊತ್ತು. ಅಂದು ಬಸುರಿ ಹೊಟ್ಟೆ ಹೊತ್ತು ಇದೇ ಜಗುಲಿಯಲ್ಲಿ ಕೂತು ಎಲ್ಲರ ಜೊತೆ ಕಣ್ಣೊರೆಸಿಕೊಂಡಿದ್ದಳು. ಇಬ್ಬರ ನಡುವೆ ನೀರಿಗೂ ಸೌದೆಗೂ ಅದೆಷ್ಟು ಜಗಳ ಆಗಿಲ್ಲ! ಒಂದು ಜಗಳದಲ್ಲಾದರೂ ಇದನ್ನು ಎತ್ತಿ ಆಡಬಹುದಿತ್ತಲ್ಲ.

"ಮತ್ಯಾಕೆ ಬಾಯಿ ಬಿಡಲಿಲ್ಲ?"

"ಕೆರೇಗೆ ಹಾರೋದು ನಂಗೂ ಇಷ್ಟ ಆಗ್ಲಿಲ್ಲ ಕಣಕ್ಕಾ," ಎಂದಳು ಮುನಿರತ್ನಮ್ಮ. "ನೀವು ಹೇಳಿದ್ದೇ ಸರಿಯಾಗಿತ್ತು."

ಪಿಳ್ಳಮ್ಮ ಸೆರಗಿನ ಗಂಟು ಬಿಚ್ಚಿ ಸೆಲ್ಲನ್ನು ಜಗುಲಿಯ ಮೇಲಿಟ್ಟಳು. "ಮಾಳಿಗೆ ಮೇಲೆ ಬಿದ್ದಿತ್ತು."

"ನಾಳೆ ಬಿಸಿಲಿಗಿಡ್ತೀನಿ," ಎಂದು ಓರಗಿತ್ತಿ ಅದನ್ನೆತ್ತಿಕೊಂಡು ಒಳಗೆ ಹೋದಳು. ಮಂಗನ ಮಾತೆತ್ತಲಿಲ್ಲ.

ಪಿಳ್ಳಮ್ಮ ಒಲೆ ಹೊತ್ತಿಸಿ ಬೇಳೆ ತೊಳೆಯಲು ಕೂತಳು. ಮಕ್ಕಳು ಓರಗಿತ್ತಿಗೆ, ರೇಡಿಯೋ ಅವಳಿಗೆ, ಹಾಳಾಗಲಿ. ಆದರೆ ಎಂಟು ವರ್ಷ ಬಾಯಿ ಮುಚ್ಚಿಕೊಂಡಿರುವ ದೊಡ್ಡಗುಣವೂ ಅವಳ ಪಾಲಿಗೇ ಬರಬೇಕಿತ್ತೇ? ಇದಕ್ಕೆ ಹೋಲಿಸಿದರೆ ಇಷ್ಟು ದಿನದ್ದು ಹೊಟ್ಟೆಕಿಚ್ಚೇ ಅಲ್ಲ ಎನಿಸಿತು. ಸಾರು ಕುದಿದ ಕೂಡಲೇ ಬೇಳೆ ಹೆಚ್ಚು ಬರುವಂತೆ ಅಡಿಯಿಂದ ಕಲಕಿ, ಗಂಡನಿಗೂ ಬಡಿಸದೆ, ಮೊದಲ ಬೋಗುಣಿಯನ್ನು ಕಂಬದ ಆಚೆಗೆ ತೆಗೆದುಕೊಂಡು ಹೋಗಿ ಕೊಟ್ಟಳು. ಒಂದರಲ್ಲಾದರೂ ಅವಳಿಗಿಂತ ಮುಂದಿರಬೇಕಲ್ಲ.