ಶುಕ್ರವಾರದ ಲಕ್ಷ್ಮಿ, ಷಡ್ಡಕನ ಸ್ಕೋರು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಕೊಟ್ಟೂರು ಬಿಟ್ಟು ಕೂಡ್ಲಿಗಿ ದಾರಿ ಹಿಡಿದ ಕಾರಿನೊಳಗೆ ಹಸಿರು ಅಂಕಿಗಳು ಅಷ್ಟು ತೋರಿಸುತ್ತಿದ್ದವು. ನಾನು ಅವನ್ನೇ ನೋಡುತ್ತಿದ್ದೆ. (ನನ್ನ ಸ್ಕೂಟರಿಗೆ ಗಡಿಯಾರ ಹಾಗಿರಲಿ, ಹಾರ್ನ್ ಕೂಡ ಸರಿಯಿಲ್ಲ.) ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕ್ ಬಂದು ನಮ್ಮ ಪಕ್ಕಕ್ಕೆ ಅಂಟಿಕೊಂಡಿತು. ಹಿಂದೆ ಕೂತವನು ಕಿಟಕಿಯ ಗಾಜು ಬಡಿದು, ನಿಲ್ಲಿಸು ಎಂದು ಕೈ ಮಾಡಿದ.

ಕಾರು ಓಡಿಸುತ್ತಿದ್ದವನು ಕೊಟ್ರೇಶಣ್ಣ. ನನ್ನ ಹೆಂಡತಿ ಶೈಲಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಕೊಟ್ಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ.

"ಮೇಷ್ಟ್ರ, ಕಳ್ಳರು!" ಅಂದವನೇ ಆಕ್ಸಿಲರೇಟರ್ ತುಳಿದ.

ಬೈಕೂ ಬಿಡಲಿಲ್ಲ. ಕನ್ನಡಿಯೊಳಗೆ ಆ ಇಬ್ಬರ ಮುಖ ದೊಡ್ಡದಾಗುತ್ತಲೇ ಬಂತು. ತಿರುವು ದಾಟಿದರೆ ರಸ್ತೆ ತುಂಬ ಕುರಿ! ಕೊಟ್ರೇಶಣ್ಣ ಬ್ರೇಕ್ ಒತ್ತಿದ, ಸ್ಟೀರಿಂಗ್ ತಿರುವಿದ, ಮನೆದೇವರನ್ನು ಕೂಗಿದ. ಮೂರೂ ಒಟ್ಟಿಗೆ. ಕಾರು ಮೋರಿಯ ಕಟ್ಟೆಗೆ ಗೇಣುದೂರದಲ್ಲಿ ನಿಂತಿತು. ನನ್ನ ಕಡೆಯ ಚಕ್ರದ ಕೆಳಗೆ ನೆಲ ಇರಲಿಲ್ಲ. ಒಂದು ಕುರಿ ಬಾನೆಟ್ಟಿಗೆ ಮುಖ ಹಚ್ಚಿ ನನ್ನನ್ನೇ ನೋಡುತ್ತಿತ್ತು.

"ಕಣ್ಣು ಮನ್ಯಾಗ ಇಟ್ಟು ಬಂದೀರೇನ್ರಲೇ!" ಎಂದು ಕುರಿಗಾಹಿ ಕೂಗಿದ. ಅವನ ಮಾತು ಖರೆ. ಕಣ್ಣಷ್ಟೇ ಅಲ್ಲ, ಜೀವವನ್ನೂ ಎಲ್ಲೋ ಇಟ್ಟು ಬಂದಂತಾಗಿತ್ತು.

ಬೈಕಿನವರು ಬಂದರು. ಕಳ್ಳರಲ್ಲ. ಕಾರಿಗೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಕಡೆಯವರು.

"ಕಂತು ಬಾಕಿ ಐತಿ. ಕೀ ಕೊಡ್ರಿ."

"ಯಾವ ಬಾಕಿಲೇ? ತಿಂಗಳಾ ತಿಂಗಳಾ ನಿಮ್ಮ ಆಫೀಸಿಗೆ ಬಂದು ಕೈಯಾಗ ಇಟ್ಟೀನಿ!"

"ಅದನ್ನ ಆಫೀಸ್ನಾಗ ಕೇಳ್ರಿ. ನಮ್ಮ ಮೊಬೈಲ್ನಾಗ ಮೂರು ಕಂತು ತೋರಸ್ತೈತಿ."

ಕೊಟ್ರೇಶಣ್ಣ ಕೂಗಾಡಿದ, ರಸೀದಿ ತೋರಿಸಿದ, ಯಾರಿಗೋ ಫೋನ್ ಮಾಡಿದ. ಕೊನೆಗೆ ಕೀ ಕೊಟ್ಟ. ಕಾರು ಧೂಳೆಬ್ಬಿಸಿ ಹೋಯಿತು. ಕುರಿಗಳೂ ಹೋದವು. ಉಳಿದವರು ನಾವಿಬ್ಬರೇ ಷಡ್ಡಕರು.

ಈಗ ನಿಜ ಹೇಳಲೇ? ಎದೆಯೊಳಗೆ ಎಲ್ಲೋ ತಣ್ಣಗೆ ಮಜ್ಜಿಗೆ ಕುಡಿದಂತಾಯಿತು.

ಆ ಕಾರು ಬಂದಾಗಿನಿಂದ ನನ್ನ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ನಮ್ಮ ಕಡೆ ಹೊಸ ಗಾಡಿ ಕೊಂಡವರು ಮೊದಲು ಬೀಗರ, ಬಂಧುಗಳ ಮನೆ ಮುಂದೆ ಒಂದು ಸುತ್ತು ತಂದು ನಿಲ್ಲಿಸಬೇಕು. ಮನೆಯ ಹೆಣ್ಣುಮಕ್ಕಳು ಆರತಿ ಎತ್ತಬೇಕು. ಶೈಲಾ ಎತ್ತಿದಳು. ಆರತಿ ತಟ್ಟೆ ಕಾರಿನ ಕಡೆಗಿತ್ತು, ಕಣ್ಣು ನನ್ನ ಸ್ಕೂಟರಿನ ಕಡೆಗೆ. ಅವತ್ತೇ ನಿರ್ಧರಿಸಿದೆ, ಕೂಡ್ಲಿಗಿಯಲ್ಲಿ ಕೊಂಡ ಸೈಟಿನಲ್ಲಿ ಮನೆ ಕಟ್ಟಿಯೇ ತೀರುತ್ತೇನೆ ಎಂದು. ಕಾರಿಗೆ ಮನೆಯೇ ಉತ್ತರ. ಇದ್ದ ದುಡ್ಡು ಗೋಡೆಗೆ ಸರಿಹೋಯಿತು. ಸ್ಲ್ಯಾಬಿಗೆ ಬ್ಯಾಂಕ್ ಸಾಲ ಬೇಕಿತ್ತು. ಆ ದಿನ ನಾನು ಹೊರಟಿದ್ದೂ ಆ ಸಾಲದ ಸಹಿಗೇ. ಹಿಂದಿನ ದಿನ ಕೊಟ್ಟೂರಿಗೆ ಹೋಗಿದ್ದೆ. "ಬಸ್ಸಿಗೆ ಯಾಕ ಹೋಗ್ತೀರಿ ಮೇಷ್ಟ್ರ, ಕಾರ್ನಾಗ ಬಿಡ್ತೀನಿ ಬರ್ರಿ" ಎಂದಿದ್ದ ಕೊಟ್ರೇಶಣ್ಣ. ಆ "ಕಾರ್ನಾಗ" ಅನ್ನುವುದನ್ನು ಅವನು ಎಷ್ಟು ಎಳೆದು ಹೇಳುತ್ತಾನೆಂದರೆ, ಕಾರೇ ಒಂದು ಗಜ ಉದ್ದವಾಗುತ್ತದೆ.

ಕಾರಿಗಿಂತಲೂ ನನ್ನನ್ನು ಸುಟ್ಟಿದ್ದು ಅವನ ಕ್ರೆಡಿಟ್ ಸ್ಕೋರು, ಅಂದರೆ ಸಾಲ ತೀರಿಸುವ ನಿಯತ್ತಿಗೆ ಒಂಬೈನೂರಕ್ಕೆ ಇಷ್ಟೆಂದು ಸಿಗುವ ಅಂಕ. ಹರಪನಹಳ್ಳಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲೇ ಮೊಬೈಲ್ ತೆಗೆದು ತೋರಿಸಿದ್ದ. "ಏಳನೂರಾ ತೊಂಬತ್ತೊಂದು! ನಿಮ್ದೆಷ್ಟು ಮೇಷ್ಟ್ರ?" ನನ್ನದು ಏಳುನೂರಾ ಐವತ್ತೆರಡು. ಊರಿನ ಮಕ್ಕಳಿಗೆಲ್ಲ ಅಂಕ ಹಾಕುವ ಮೇಷ್ಟ್ರು ನಾನು, ಹಾರ್ಡ್‌ವೇರ್ ಅಂಗಡಿಯವನ ಮುಂದೆ ಸೆಕೆಂಡ್ ಕ್ಲಾಸು! ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ. ಆಮೇಲೆ ಗೃಹಪ್ರವೇಶಕ್ಕೆ ಹೋದರೂ ಅದೇ, ಸಾವಿನ ಮನೆಗೆ ಹೋದರೂ ಅದೇ ಏಳನೂರಾ ತೊಂಬತ್ತೊಂದು. ಮೊದಲೆಲ್ಲ ಜನ ಬಂಗಾರ ತೋರಿಸುತ್ತಿದ್ದರು, ಆಮೇಲೆ ಮಕ್ಕಳ ಮಾರ್ಕ್ಸ್ ಕಾರ್ಡು. ಈಗ ಇದು.

ಇರಲಿ. ಬಸ್ ಹಿಡಿದು ಕೂಡ್ಲಿಗಿಯ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಮೇಡಂ ಕಂಪ್ಯೂಟರಿನಲ್ಲಿ ನನ್ನ ರಿಪೋರ್ಟ್ ಮತ್ತೊಮ್ಮೆ ತೆಗೆದರು. ಮುಖ ಸಣ್ಣದು ಮಾಡಿದರು.

"ಸರ್, ನಿಮ್ಮ ಸ್ಕೋರ್ ಆರುನೂರಾ ನಲವತ್ತೊಂದಕ್ಕೆ ಬಂದಿದೆ. ಈಗ ಸ್ಯಾಂಕ್ಷನ್ ಆಗೋದಿಲ್ಲ."

"ಮೇಡಂ, ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವನಲ್ಲ."

"ನೀವಿಟ್ಟಿಲ್ಲ. ಒಂದು ಕಾರ್ ಲೋನಿಗೆ ಜಾಮೀನು ಹಾಕಿದ್ದೀರಲ್ಲ? ಆ ಸಾಲ ನಿಮ್ಮ ರಿಪೋರ್ಟಿನಲ್ಲೂ ಇರುತ್ತೆ. ಅವರು ತಪ್ಪಿದ್ರೆ ನೀವೂ ತಪ್ಪಿದ ಹಾಗೇ."

ನಾನು ಪಕ್ಕಕ್ಕೆ ತಿರುಗಿದೆ. ಕೊಟ್ರೇಶಣ್ಣ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

ಮಜ್ಜಿಗೆ ಕುಡಿದಂತಾಗಿತ್ತು ಅಂದೆನಲ್ಲ? ಅದು ಆ ಕ್ಷಣಕ್ಕೆ ಒಡೆದು ಹುಳಿಯಾಯಿತು. ಅವನ ಕಾರು ಹೋಯಿತೆಂದು ಒಳಗೊಳಗೇ ಹಿಗ್ಗಿದ್ದೆ. ಕಾರಿನ ಜೊತೆ ನನ್ನ ಮನೆಯ ಚಾವಣಿಯನ್ನೂ ಅವರು ಎತ್ತಿಕೊಂಡು ಹೋಗಿದ್ದರು. ಹೌದು, ಸಹಿ ಹಾಕಿದ್ದೆ. ಷಡ್ಡಕ ಕಾಗದ ಮುಂದಿಟ್ಟರೆ, ಅತ್ತೆ ಮಾವ ಎದುರಿಗೆ ಕೂತಿದ್ದರೆ, ನೀವಾದರೂ ಏನು ಮಾಡುತ್ತಿದ್ದಿರಿ?

ಆದರೆ ಪ್ರಶ್ನೆ ಅದಲ್ಲ. ಕೊಟ್ರೇಶಣ್ಣ ದುಡ್ಡಿಲ್ಲದವನಲ್ಲ. ರಸೀದಿಗಳೂ ಸುಳ್ಳಲ್ಲ. ಮತ್ತೆ ಬಾಕಿ ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ಆ ಸಂಜೆ, ಕೊಟ್ಟೂರಿನಲ್ಲಿ, ಅವನ ತಾಯಿ ಗೌರಮ್ಮನವರ ಬಾಯಲ್ಲಿ.

"ಶುಕ್ರವಾರ ಮನಿ ಲಕ್ಷ್ಮೀನ ಯಾರಾರ ಹೊರಗ ಹಾಕ್ತಾರೇನಪ್ಪಾ? ನಾನ ಬ್ಯಾಡ ಅಂದೀನಿ."

ಕಾರು ಬಂದ ಹೊಸದರಲ್ಲಿ ಒಂದು ಶುಕ್ರವಾರ ನಸುಕಿಗೇ ಮೊಬೈಲ್ ಟಿಂಗ್ ಅಂದಿತಂತೆ. ಕಂತಿನ ಹಣ ಖಾತೆಯಿಂದ ಹೋಗಿತ್ತು. ಗೌರಮ್ಮ ಆ ದಿನ ಊಟ ಬಿಟ್ಟರು. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಕಂತಿನ ತಾರೀಕು ಶುಕ್ರವಾರ ಬಿದ್ದರೆ, ಮಂಗಳವಾರ ಬಿದ್ದರೆ, ಮನೆದೇವರ ಸೋಮವಾರ ಬಿದ್ದರೆ, ಅಮಾವಾಸ್ಯೆ ಬಿದ್ದರೆ ಹಿಂದಿನ ದಿನವೇ ಕೊಟ್ರೇಶಣ್ಣ ಆ ಖಾತೆಯ ಹಣವನ್ನೆಲ್ಲ ಹೆಂಡತಿಯ ಖಾತೆಗೆ ಹಾಕುವುದು. ಕಂಪನಿಯವರ ಕೈಗೆ ಬರೀ ಗಾಳಿ ಸಿಗುವುದು. ಒಳ್ಳೆಯ ದಿನ ನೋಡಿ ಇವನೇ ಆಫೀಸಿಗೆ ಹೋಗಿ ನಗದು ಕಟ್ಟಿ ರಸೀದಿ ತರುವುದು.

ಕಟ್ಟಿದ್ದು ಕಟ್ಟಿದ ಹಾಗೇ ಅಲ್ಲವೇ? ಅವನೂ ಹಾಗೇ ತಿಳಿದ. ಆದರೆ ಪ್ರತಿ ಸಲ ಖಾತೆ ಖಾಲಿ ಇದ್ದಾಗಲೂ ಕಂಪನಿ ಒಂದು ದಂಡ ಹಾಕಿತು. ಇವನು ತಂದುಕೊಟ್ಟ ಹಣದಲ್ಲಿ ಮೊದಲು ದಂಡ ಮುರಿದುಕೊಂಡಿತು. ಕಂತು ಅರೆಯಾಯಿತು. ಅರೆಯಾದ ಕಂತಿಗೆ ಮತ್ತೆ ಬಡ್ಡಿ, ಮತ್ತೆ ದಂಡ. ಲಕ್ಷ್ಮಿ ಶುಕ್ರವಾರ ಮನೆಯಲ್ಲೇ ಇದ್ದಳು. ಶನಿವಾರ ಎರಡು ಪಟ್ಟು ಹೋದಳು.

"ಅಲ್ರೀ, ಕಂಪನಿಯವರು ಫೋನ್ ಮಾಡಲಿಲ್ವಾ?" ಎಂದು ಕೊಟ್ರೇಶಣ್ಣನನ್ನು ಕೇಳಿದೆ.

"ಸಾಲ ಬೇಕೇನ್ರಿ ಅಂತ ದಿನಾ ಹತ್ತು ಮಂದಿ ಮಾಡ್ತಾರ. ಎಲ್ಲಾ ಬ್ಲಾಕ್ ಮಾಡೀನಿ."

"ಪತ್ರ?"

"ಬಂದಿದ್ವು. ಇಂಗ್ಲಿಷ್ನಾಗ ಇದ್ವು. ದಪ್ಪ ಕಾಗದ ನೋಡ್ರಿ, ಮೊಳಿ ಕಟ್ಟಾಕ ಛಲೋ ಆತು."

(ನನಗೆ ಬಂದ ಪತ್ರ? ಅದು ಹಳೇ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿತ್ತು. ಅಲ್ಲಿಯೂ ಏನೋ ಕಟ್ಟಿರಬೇಕು.)

"ಮತ್ತೆ ಆ ಏಳುನೂರಾ ತೊಂಬತ್ತೊಂದು?"

ಕೊಟ್ರೇಶಣ್ಣ ತಲೆ ಕೆರೆದುಕೊಂಡ. "ಅದು ಕಾರ್ ತಗೊಳ್ಳಾಕ ಹೋದಾಗ ತೆಗದ ಫೋಟೋರಿ."

ನೋಡಿ! ಒಂದೂವರೆ ವರ್ಷ ನಾನು ಹೊಟ್ಟೆ ಉರಿದುಕೊಂಡಿದ್ದು ಒಂದು ಹಳೇ ಸ್ಕ್ರೀನ್‌ಶಾಟಿಗೆ. ಅವನ ನಿಜವಾದ ಸ್ಕೋರು ನನಗಿಂತ ಯಾವಾಗಲೋ ಕೆಳಗಿಳಿದಿತ್ತು. ಹಾಗೆ ಇಳಿಯುವಾಗ ನನ್ನದನ್ನೂ ಕೈ ಹಿಡಿದು ಕರೆದುಕೊಂಡು ಹೋಗಿತ್ತು.

"ಹಂಗಾರ ಇನ್ನ ಶುಕ್ರವಾರಾನೂ ಕಟ್ಟಬೇಕೇನು? ನನ್ನ ಜೀವ ಇರೂತನಕ ಆಗೂದಿಲ್ಲ," ಎಂದು ಗೌರಮ್ಮ ಕಂಬಕ್ಕೆ ಒರಗಿ ಕೂತರು.

ಅಲ್ಲಿಯವರೆಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುಮಂಗಲಕ್ಕ, ಅಂದರೆ ಶೈಲಾಳ ಅಕ್ಕ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅತ್ತೀ, ದೇವರಿಗೆ ಮುಡಿಪು ಕಟ್ಟಿ ಇಡ್ತೀರಿ. ಕಟ್ಟಿದ ಮ್ಯಾಲ ಅದು ನಮ್ಮ ರೊಕ್ಕೇನು?"

"ಅಲ್ಲ. ಅದು ದೇವರದು."

"ಶುಕ್ರವಾರ ತಗೊಂಡು ಹೋಗಿ ಗುಡಿಗೆ ಹಾಕಿದ್ರ ಲಕ್ಷ್ಮಿ ಸಿಟ್ಟಾಗ್ತಾಳೇನು?"

"ಅದ್ಯಾಕ ಸಿಟ್ಟಾಗ್ತಾಳ? ಮನಿದಲ್ಲಲ್ಲ ಅದು."

"ಹಂಗಾರ ಕಂತನ್ನೂ ಒಂದು ಛಲೋ ದಿನ ನೋಡಿ ಬ್ಯಾರೆ ಖಾತೇಕ ಎತ್ತಿಡಸ್ರಿ. ಆಮ್ಯಾಲ ಕಂಪನಿಯವರು ಅದರಾಗಿಂದ ಯಾವಾಗರ ಒಯ್ಯಲಿ. ನಿಮ್ಮ ಲಕ್ಷ್ಮೀಗೆ ಕಾರಿನ್ಯಾಗ ಕುಂದ್ರಾಕ ಆಗ್ತೈತಿ, ಕಾರಿಂದು ಕಂತು ಕಟ್ಟಾಕ ಆಗಂಗಿಲ್ಲ ಅಂದ್ರ ಹೆಂಗ?"

ಗೌರಮ್ಮ ಕಂಬ ಬಿಟ್ಟು ನೆಟ್ಟಗೆ ಕೂತರು. "ಬಾಯಿ ನೋಡು ಈಕೀದು," ಅಂದರು. ಆಮೇಲೆ, "ಗುರುವಾರ ಎತ್ತಿಡ್ರಿ" ಅಂದರು.

ಮರುದಿನ ಕೊಟ್ರೇಶಣ್ಣ ದಂಡ, ಬಡ್ಡಿ ಎಲ್ಲ ಸೇರಿಸಿ ಕಟ್ಟಿದ. ಅವನ ಕಾರು ಒಂದೇ ವಾರದಲ್ಲಿ ಮನೆಗೆ ಬಂತು. ನನ್ನ ಸ್ಕೋರು? ಅದು ಹಾಗೆ ಬರುವುದಿಲ್ಲ. ಇಳಿಯುವಾಗ ಲಿಫ್ಟು, ಏರುವಾಗ ಮೆಟ್ಟಿಲು. ಕಂಪನಿ ವರದಿ ಕಳಿಸಬೇಕು, ರಿಪೋರ್ಟಿನಲ್ಲಿ ತಿದ್ದಬೇಕು, ಬ್ಯಾಂಕು ಮತ್ತೆ ನೋಡಬೇಕು. ತಪ್ಪಿದ ಕಂತಿನ ಗುರುತು ತೀರಿಸಿದ ಮೇಲೂ ಬಹಳ ಕಾಲ ಅಲ್ಲೇ ಇರುತ್ತದಂತೆ, ಸುಟ್ಟ ಗಾಯ ಮಾಗಿದರೂ ಕಲೆ ಉಳಿದ ಹಾಗೆ. ಅಲ್ಲಿಯವರೆಗೆ ಚಾವಣಿಯಿಲ್ಲದ ಗೋಡೆಗಳ ನಡುವೆ ನಿಂತು ನಾನು ಆಕಾಶ ನೋಡಬೇಕು. ಮುಂದೆ ಓಡಾಡುವವರು ಸುಮ್ಮನಿರುತ್ತಾರೆಯೇ? "ಏನ್ರಿ ಸರ್, ಮ್ಯಾಲ ಹಾಕಾಕ ಮರತ್ರೇನು?"

ನಿದ್ದೆಯಂತೂ ಹೋಗಿಯೇ ಬಿಟ್ಟಿತು. ಕಣ್ಣು ಮುಚ್ಚಿದರೆ ಕನ್ನಡಿಯಲ್ಲಿ ಬೈಕು. ತಿರುವು. ಕುರಿ. ಚಕ್ರದ ಕೆಳಗೆ ಇಲ್ಲದ ನೆಲ. ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಹೊರಗೆ ಯಾವುದಾದರೂ ಬೈಕ್ ಜೋರಾಗಿ ಬಂದರೆ ಚಾಕ್‌ಪೀಸ್ ಮುರಿಯುತ್ತಿತ್ತು.

ಅದೇ ಕಾರಿನಲ್ಲಿ, ಅದೇ ಮೋರಿಯ ಅಂಚಿನಲ್ಲಿ ಇದ್ದ ಇನ್ನೊಬ್ಬನ ಕಥೆ? ಸುಮಂಗಲಕ್ಕ ಫೋನಿನಲ್ಲಿ ಶೈಲಾಳಿಗೆ ಹೇಳುತ್ತಿದ್ದಳು: "ನಿಮ್ಮ ಭಾವಂದು ಗೊರಕಿ ಕೇಳಾಕಾಗಂಗಿಲ್ಲವಾ. ಓಣಿ ನಾಯಿ ಎದ್ದು ಕುಂದರ್ತಾವ." ಮೊದಲು ಅವನ ಕಾರು ಕಂಡು ಉರಿದೆ. ಆಮೇಲೆ ಸ್ಕೋರು ಕಂಡು ಉರಿದೆ. ಕೊನೆಗೆ ಅವನ ನಿದ್ದೆಗೂ ಉರಿಯುವ ಗತಿ ಬಂತು. ಹೊಟ್ಟೆಕಿಚ್ಚಿಗೆ ಜಾಮೀನು ಬೇಡ ನೋಡಿ, ಎಷ್ಟು ಬೇಕಾದರೂ ಸಿಗುತ್ತದೆ.

ತಿಂಗಳುಗಳು ಕಳೆದ ಮೇಲೆ ಮ್ಯಾನೇಜರ್ ಮೇಡಂ ಫೋನ್ ಮಾಡಿದರು. ಸಾಲ ಮಂಜೂರಾಯಿತು. ಸ್ಲ್ಯಾಬ್ ಬಿತ್ತು. ಆ ದಿನ ಕೊಟ್ರೇಶಣ್ಣ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಸಿಮೆಂಟು, ಕಬ್ಬಿಣ ನೋಡಿಕೊಂಡ. ಒಂದು ಸಲವೂ ಸ್ಕೋರಿನ ಮಾತೆತ್ತಲಿಲ್ಲ. ಅವತ್ತೂ ನನಗೆ ನಿದ್ದೆ ಬರಲಿಲ್ಲ.

ನನ್ನ ಮೊದಲ ಕಂತಿನ ತಾರೀಕು ಬಂತು. ಕ್ಯಾಲೆಂಡರ್ ನೋಡಿದರೆ ಶುಕ್ರವಾರ! ಗುರುವಾರವೇ ಶೈಲಾ ಹಣ ಎತ್ತಿಡಿಸಿದಳು. ಶುಕ್ರವಾರ ನಸುಕಿಗೆ ಮೊಬೈಲ್ ಟಿಂಗ್ ಅಂದಿತು. ಹಣ ಹೋಯಿತು. ಇಡೀ ದಿನ ಕಾದೆ. ಯಾರೂ ಬೆನ್ನಟ್ಟಲಿಲ್ಲ, ಯಾರೂ ಗಾಜು ಬಡಿಯಲಿಲ್ಲ. ಅವತ್ತು ಮಲಗಿದವನು ಎದ್ದಿದ್ದು ಶನಿವಾರ ಬಿಸಿಲು ಮುಖಕ್ಕೆ ಬಿದ್ದ ಮೇಲೆ.

"ಗೊರಕೆ ಹೊಡೆದೆನೇನೇ?" ಎಂದು ಹೆಮ್ಮೆಯಿಂದಲೇ ಕೇಳಿದೆ.

"ಹೊಡದ್ರಿ ಬಿಡ್ರಿ. ಆದ್ರ ಭಾವನಷ್ಟೇನು ಜೋರಿಲ್ಲ," ಅಂದಳು ಶೈಲಾ.

ಈಗ ನೀವೇ ಹೇಳಿ, ಗೊರಕೆಗೂ ಸ್ಕೋರ್ ಇದೆಯಾ?