ಮಕ್ತುಮಣ್ಣನ ಗಿರಣಿಯ ಹಿಟ್ಟು

ಕಡಲೆಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿದವಳು ನಾನು. ಗಿರಣಿಯ ಮಕ್ತುಮಸಾಬರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಾನು ನನ್ನ ಪರವಾಗಿ ವಾದ ಮಾಡುತ್ತಲೇ ಹೋಗುತ್ತೇನೆ — ನನ್ನ ಬಗ್ಗೆ ನನಗೆ ಅಷ್ಟು ಗೊತ್ತಿದೆ. ಬೆರೆಸಿದ್ದು ಒಂದು ದಿನವಲ್ಲ, ತಿಂಗಳುಗಟ್ಟಲೆ. ಬೆರೆಸಿ ಗಂಡನಿಗೆ ತಿನ್ನಿಸಿದೆ. ಆ ಅಪವಾದ ಇನ್ನೊಬ್ಬರ ತಲೆಯ ಮೇಲೆ ಬಂದಾಗ ಬಾಯಿ ಮುಚ್ಚಿಕೊಂಡು ನಿಂತೆ.

ನಾವು ಬೆಟಗೇರಿಯ ನೇಕಾರರ ಮನೆತನದವರು. ನಮ್ಮವರು — ವಿರೂಪಾಕ್ಷಪ್ಪ — ಮೊದಲು ಮಗ್ಗದಲ್ಲಿ ಕೂತವರು, ಆಮೇಲೆ ಗದಗಿನ ಸೀರೆ ಅಂಗಡಿಯೊಂದರಲ್ಲಿ ಅರವತ್ತು ದಾಟುವವರೆಗೂ ದುಡಿದವರು. ಕೆಲಸ ಬಿಟ್ಟ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಅನ್ನ ರೊಟ್ಟಿ ಕಡಿಮೆ ಮಾಡಿ, ಕಾಳು ಸೊಪ್ಪು ಹೆಚ್ಚು ತಿನ್ನಿ ಅಂದರು. ಕಡಿಮೆ ಮಾಡಿ ಅಂದಿದ್ದರು ಅಷ್ಟೇ. ಆದರೆ ನಮ್ಮವರಿಗೆ ಯಾವುದನ್ನೂ ಕಡಿಮೆ ಮಾಡಿ ಗೊತ್ತಿಲ್ಲ. ಮಾಡಿದರೆ ಪೂರಾ, ಇಲ್ಲವಾದರೆ ಇಲ್ಲವೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಫೋನು. ಅದರೊಳಗೆ ಯಾರೋ ಒಬ್ಬರು ‘ಹತ್ತು ನಿಮಿಷದಲ್ಲಿ ನಾಷ್ಟಾ’ ಎಂದು ಹೇಳಿಕೊಡುತ್ತಾರೆ. ಹೇಳುವವರಿಗೆ ಹತ್ತು ನಿಮಿಷ. ನನಗೆ? ಹಿಂದಿನ ದಿನವೇ ಹೆಸರುಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಮೆಂತ್ಯಸೊಪ್ಪು ಸೋಸಿ, ಶೇಂಗಾ ಹುರಿದು, ಮನೆಯಲ್ಲೇ ಹಾಲು ಒಡೆಸಿ ಪನ್ನೀರು ಮಾಡಿ — ಇಷ್ಟೆಲ್ಲ ಆದಮೇಲೆ ಒಲೆಯ ಮುಂದಿನ ಹತ್ತು ನಿಮಿಷ. ಅವರು ಪಡಸಾಲೆಯಲ್ಲಿ ಕೂತು, “ನೋಡs, ಎಷ್ಟು ಜಲ್ದಿ ಆತು!” ಅನ್ನುವವರು.

ಅದನ್ನೂ ಸಹಿಸಿದೆ. ಅವರ ಪ್ರವಚನವನ್ನು ಮಾತ್ರ ಸಹಿಸಲಾಗಲಿಲ್ಲ. ಮನೆಗೆ ಬಂದವರ ತಟ್ಟೆ ನೋಡಿ ಲೆಕ್ಕ ಹೇಳುವುದು. ಮೊಮ್ಮಕ್ಕಳು ಅವಲಕ್ಕಿ ತಿಂದರೆ ಹಣೆ ಗಂಟಿಕ್ಕುವುದು. ಮದುವೆಮನೆಯ ಪಂಕ್ತಿಯಲ್ಲಿ ಕೂತು, ಪಕ್ಕದವರ ಹೋಳಿಗೆಗೆ ಅವರ ಮುಂದೆಯೇ ಬಯ್ಯುವುದು. ಒಂದು ದಿನ ಹೊಂಬಳದಿಂದ ನನ್ನ ಅಣ್ಣ ಅತ್ತಿಗೆ ಬಂದಿದ್ದರು. ಹೊಸ ಜೋಳ ತಂದಿದ್ದರು. ನಾನು ಬಿಸಿ ರೊಟ್ಟಿ ಬಡಿದು ಎಲ್ಲರಿಗೂ ಬಡಿಸುತ್ತಿದ್ದೆ. ಇವರು ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಏನೋ ಕೊಳೆತದ್ದನ್ನು ಎತ್ತಿದ ಹಾಗೆ, ಬದಿಗಿಟ್ಟರು.

“ಇಷ್ಟು ವರ್ಷ ನನ್ನ ಹಾಳು ಮಾಡಿದ್ದು ಇದs ನೋಡ್ರಿ. ಇಕಿ ಕೈಯಾನ ರೊಟ್ಟಿ.”

ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ, ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನಾನು ರೊಟ್ಟಿ ಬಡಿದಿದ್ದೆ. ಬಸುರಿಯಿದ್ದಾಗ ಬಡಿದಿದ್ದೆ, ಜ್ವರದಲ್ಲಿ ಬಡಿದಿದ್ದೆ, ಅವರ ಅವ್ವ ತೀರಿಕೊಂಡ ದಿನ ಬಂದ ಮಂದಿಗೆಲ್ಲ ಬಡಿದಿದ್ದೆ. ಅದೆಲ್ಲ — ಬೇಡ, ಇದು ಮತ್ತೆ ವಾದವಾಯಿತು.

ಮೊದಲ ಸಲ ಬೆರೆಸಿದ್ದು ಬೇಕೆಂತಲೇ ಅಲ್ಲ. ರೊಟ್ಟಿಯ ಬದಲು ಇವರಿಗೆ ದಿನಾ ಕಡಲೆಹಿಟ್ಟಿನ ದೋಸೆ ಆಗಬೇಕಿತ್ತು; ಗಿರಣಿಯಲ್ಲಿ ಬೀಸಿಸಿ ತಂದ ಹಿಟ್ಟು ಅವತ್ತು ಡಬ್ಬಿಯ ತಳ ಮುಟ್ಟಿತ್ತು. ಇವರು ಆಗಲೇ ತಟ್ಟೆಯ ಮುಂದೆ ಕೂತು “ಆತೇನು?” ಅನ್ನುತ್ತಿದ್ದರು. ಸಿಟ್ಟಿನಲ್ಲಿ ಒಂದು ಹಿಡಿ ಜೋಳದ ಹಿಟ್ಟು, ಒಂದಿಷ್ಟು ಅಕ್ಕಿಹಿಟ್ಟು ಹಾಕಿ ಕಲಸಿ, ಈರುಳ್ಳಿ, ಮೆಂತ್ಯಸೊಪ್ಪು ಹೆಚ್ಚಿಹಾಕಿ ದೋಸೆ ಹೊಯ್ದೆ. ತಿಂದರು. ಬಾಯಿ ಚಪ್ಪರಿಸಿದರು.

“ಇವತ್ತ ಭಾಳ ಛಲೋ ಆಗ್ಯಾವು. ನಾ ಹೇಳ್ಲಿಲ್ಲಾ, ರೊಟ್ಟಿ ಇಲ್ಲದ ಮನಷ್ಯಾ ಆರಾಮ ಇರತಾನು ಅಂತ?”

ಆ ಕ್ಷಣ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಲೆಯ ಕಡೆ ತಿರುಗಿ ನಕ್ಕೆ. ಮರುದಿನ ಡಬ್ಬಿ ತುಂಬ ಕಡಲೆಹಿಟ್ಟು ಇತ್ತು. ಆದರೂ ಬೆರೆಸಿದೆ. ಅದರ ಮರುದಿನವೂ ಬೆರೆಸಿದೆ. ಬರಬರುತ್ತ ಜೋಳದ್ದೇ ಹೆಚ್ಚಾಯಿತು.

ಶುಗರ್ ಇಳಿಯಲಿಲ್ಲ. ಹೇಗೆ ಇಳಿದೀತು? ಡಾಕ್ಟರು ಒಂದು ಗುಳಿಗೆ ಹೆಚ್ಚು ಮಾಡಿದರು. ಇವರು ಪಥ್ಯವನ್ನು ಇನ್ನೂ ಬಿಗಿ ಮಾಡಿದರು. ಸಂಜೆಯ ಊಟ ಬಿಟ್ಟು ಬರೀ ಮಜ್ಜಿಗೆ, ಸೌತೆಕಾಯಿಗೆ ಬಂದರು. ಅದೂ ಸಾಲಲಿಲ್ಲ ಎಂದು ಡಾಕ್ಟರು ಗುಳಿಗೆಯನ್ನು ಮತ್ತೆ ಏರಿಸಿದರು. ಅವರ ಕೆನ್ನೆಗಳು ಒಳಗೆ ಹೋಗಿದ್ದವು. “ಎಲ್ಲೆ ತಪ್ಪಾಕತ್ತೇತೋ ಏನೋ” ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ಆಗಲಾದರೂ ನಾನು ನಿಲ್ಲಿಸಬೇಕಿತ್ತು. ನಾಳೆಯಿಂದ ಬೆರೆಸಬಾರದು ಅಂದುಕೊಳ್ಳುತ್ತಿದ್ದೆ. ಬೆಳಗಾದರೆ ಅವರು ಮತ್ತೆ ಫೋನು ಹಿಡಿದು ಏನೋ ಒಂದು ಅನ್ನುತ್ತಿದ್ದರು, ನನ್ನ ಕೈ ಮತ್ತೆ ಜೋಳದ ಡಬ್ಬಿಗೆ —

ಆ ನಡುವೆ ಲಕ್ಷ್ಮೇಶ್ವರದ ತಂಗಿಯ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಇತ್ತು. ನಾನೊಬ್ಬಳೇ ಹೋಗಿ ಒಂದು ವಾರ ಉಳಿದೆ. ಇವರು ಅಂಗಡಿಯಿಂದ ಕಡಲೆಹಿಟ್ಟಿನ ಪ್ಯಾಕೆಟ್ ತಂದು ತಾವೇ ದೋಸೆ ಮಾಡಿಕೊಂಡು ತಿಂದರು. ಅಂದರೆ ಏರಿಸಿದ ಗುಳಿಗೆ ಹಾಗೇ ಇತ್ತು, ಜೋಳ ಇರಲಿಲ್ಲ. ಒಂದು ಬೆಳಗ್ಗೆ ಬೆಟಗೇರಿಯ ಬಸ್ ಸ್ಟ್ಯಾಂಡಿನ ಹತ್ತಿರ ಬೆವರಿ, ಕಣ್ಣು ಕತ್ತಲೆ ಬಂದು ಬಿದ್ದರು. ಯಾರೋ ಸಕ್ಕರೆ ನೀರು ಕುಡಿಸಿದರು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದರು. ಖಬರು ತಿಳಿದು ನಾನು ಓಡಿಬಂದಾಗ ಅವರು ಹಣೆಗೆ ಪಟ್ಟಿ ಕಟ್ಟಿಕೊಂಡು, ಬಹಳ ಉತ್ಸಾಹದಲ್ಲಿ ಕೂತಿದ್ದರು.

“ಸಿಕ್ಕತು ನೋಡು,” ಅಂದರು. “ಪ್ಯಾಕೆಟ್ ಹಿಟ್ಟು ತಿಂದ್ರ ಶುಗರ್ ಇಳಿತು. ಗಿರಣಿ ಹಿಟ್ಟು ತಿಂದ್ರ ಏರತಿತ್ತು. ಮಕ್ತುಮ್ಯಾ ಜ್ವಾಳ ಕಲಬೆರಕಿ ಮಾಡಾಕತ್ತಾನು.”

ಮಕ್ತುಮಸಾಬರು ಯಾರೆಂದು ಹೇಳಬೇಕು. ನಮ್ಮ ಓಣಿಯ ತುದಿಯ ಹಿಟ್ಟಿನ ಗಿರಣಿ ಅವರದು. ಇವರ ಜೊತೆ ಒಂದೇ ಶಾಲೆಯಲ್ಲಿ ಕಲಿತವರು. ಭಾನುವಾರದ ಚಹಾ ನಮ್ಮ ಕಟ್ಟೆಯ ಮೇಲೆಯೇ ಆಗಬೇಕು ಅವರಿಗೆ. ಅಣ್ಣನ ಹೆಂಡತಿಯನ್ನು ಕರೆದ ಹಾಗೆ ನನ್ನನ್ನು ವೈನಿ ಅನ್ನುತ್ತಿದ್ದರು. ನಾನು ಅವರನ್ನು ಮಕ್ತುಮಣ್ಣ ಅನ್ನುತ್ತಿದ್ದೆ. ನನ್ನ ರೊಟ್ಟಿಯನ್ನು ಕೇಳಿ ತಿನ್ನುತ್ತಿದ್ದವರು ಕೊನೆಗೆ ಅವರೊಬ್ಬರೇ ಉಳಿದಿದ್ದರು.

ಹೇಳಬೇಕಿತ್ತು. ಅಲ್ಲೇ, ಪಡಸಾಲೆಯಲ್ಲೇ. ಇವರ ಹಣೆಯ ಪಟ್ಟಿ ನೋಡಿದೆ, ನನ್ನಿಂದಲೇ ಬಿದ್ದರು ಎಂದು ತಿಳಿಯಿತು. ಇವರು ಚಪ್ಪಲಿ ಮೆಟ್ಟಿ, ಗಿರಣಿಯ ಹಿಟ್ಟಿದ್ದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ನಡಿ” ಅಂದರು. ನಾನು ಹಿಂದೆ ಹೋದೆ.

ಗಿರಣಿಯ ತುಂಬ ಜನ. ಇವರು ಹೊರಗೇ ನಿಂತು ದನಿ ಏರಿಸಿದರು.

“ಏ ಮಕ್ತುಮ್ಯಾ, ಗೆಳ್ಯಾಗ ಜ್ವಾಳ ತಿನ್ನಿಸಿ ಸಾಯಿಸಬೇಕಂತ ಮಾಡಿಯೇನಲೇ?”

ಮಕ್ತುಮಣ್ಣ ಮೊದಲು ಚೇಷ್ಟೆ ಅಂದುಕೊಂಡು ನಕ್ಕರು. ಆಮೇಲೆ ಪಟ್ಟಿ ನೋಡಿ ಗಾಬರಿಯಾದರು. ವಿಷಯ ಕೇಳಿದ ಮೇಲೆ ಮುಖ ಸಪ್ಪಗಾಯಿತು. “ಬ್ಯಾಳಿ ಬೀಸೋ ಮಶೀನ್ ಬ್ಯಾರೆನ ಐತಿ, ನೀನ ನೋಡೀಯಲ್ಲೋ ವಿರುಪಾಕ್ಷಿ,” ಅಂದರು. ಇವರು ಕೇಳಲಿಲ್ಲ. ಹಿಟ್ಟು ಕದ್ದು ತೂಕಕ್ಕೆ ಜೋಳ ತುಂಬುತ್ತಾನೆ ಎಂದೂ ಅಂದುಬಿಟ್ಟರು. ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಡಬ್ಬಿ ನೋಡಿಕೊಂಡರು. ಆಗ ಮಕ್ತುಮಣ್ಣ ನನ್ನ ಕಡೆ ತಿರುಗಿದರು.

“ವೈನಿ, ನೀವರ ಹೇಳ್ರಿ. ನಾ ಎಂದರ ಹಂಗ ಮಾಡೇನೇನ್ರಿ?”

ನಾನು ಅಂದದ್ದು ಇಷ್ಟು — “ನನಗೇನ ಗೊತ್ತಾಗತೈತ್ರಿ.”

ಅಷ್ಟೇ. ಮಕ್ತುಮಣ್ಣ ಗಿರಣಿಯ ಒಳಗೆ ಹೋದರು.

ಅವತ್ತಿನಿಂದ ಬೆರೆಸುವುದು ನಿಲ್ಲಿಸಿದೆ — ಒಳ್ಳೆಯವಳಾಗಿ ಅಲ್ಲ, ಹೆದರಿ. ಪ್ಯಾಕೆಟ್ ಹಿಟ್ಟಿನಲ್ಲಿ ನಾಷ್ಟಾ ಮಾಡಿದೆ, ಇವರ ಶುಗರ್ ಇಳಿಯಿತು, ಡಾಕ್ಟರು ಗುಳಿಗೆ ಕಡಿಮೆ ಮಾಡಿದರು. ಇವರಿಗೆ ಬೇರೆ ಸಾಕ್ಷಿಯೇ ಬೇಡವಾಯಿತು. ಬೆಳಗಿನ ವಾಕಿಂಗಿನ ಗೆಳೆಯರಿಗೆಲ್ಲ ಹೇಳಿದರು. ಸಕ್ಕರೆ ಕಾಯಿಲೆಯ ಮನೆ ಈಗ ಎಲ್ಲಿಲ್ಲ? ಒಬ್ಬೊಬ್ಬರೇ ದೂರದ ಗಿರಣಿಗೆ ಹೋಗತೊಡಗಿದರು. ಭಾನುವಾರದ ಚಹಾ ನಿಂತಿತು. ಮಕ್ತುಮಣ್ಣ ನಮ್ಮ ಮನೆಯ ಮುಂದೆ ಹಾಯುವಾಗ ಸೈಕಲ್ಲಿನ ವೇಗ ಹೆಚ್ಚಿಸುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ವರ್ಷಗಳೇ ಹೋದವು ಹೀಗೆ.

ಕಳೆದ ಲಗ್ನದ ಸೀಸನ್ನಿನಲ್ಲಿ ಮುಂಡರಗಿಗೆ ಒಂದು ಮದುವೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಇವರು ಎಂದಿನಂತೆ ಅನ್ನ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದು, ಎಂದಿನಂತೆ ಕಥೆ ಶುರುಮಾಡಿದರು. ಆ ಕಥೆಗೆ ಪ್ರತಿ ಸಲ ಹೊಸ ಕೈಕಾಲು ಬರುತ್ತಿದ್ದವು. ಈ ಸಲ ಇವರು ಸಾಯುವ ಹಂತಕ್ಕೆ ಹೋಗಿದ್ದರು, ಗಿರಣಿಯವನು ತಪ್ಪೊಪ್ಪಿಕೊಂಡಿದ್ದ. ನನಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಎದುರಿಗೆ ಕೂತಿದ್ದ, ಬೀಗರ ಕಡೆಯ ಒಬ್ಬರು, ಗಿರಣಿಯವನ ಹೆಸರು ಕೇಳಿದರು. ಇವರು ಹೇಳಿದರು.

“ಅವರು ಹಂಗs ಬಿಡ್ರಿ,” ಅಂದರು ಆತ. “ಆ ಮಂದೀನ ನಂಬಬಾರದು.” ಅಂದು, ಪಲ್ಯ ಬಡಿಸಲು ಕೈಮಾಡಿ ಕರೆದರು.

ಇವರ ಕೈ ಎಲೆಯ ಮೇಲೆ ನಿಂತಿತು. ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಒಂದು ಹಿಡಿ ಹಿಟ್ಟು ಎಲ್ಲಿಗೆ ಬಂದು ಮುಟ್ಟಿತ್ತು ನೋಡಿ! ಒಬ್ಬ ಮನುಷ್ಯನ ಹೆಸರಿಗೆ ಬಳಿದದ್ದು ಈಗ ಅವನ ಇಡೀ ಜನಕ್ಕೆ —

ಗದಗಿಗೆ ಬರುವ ಬಸ್ಸಿನಲ್ಲಿ ಹೇಳಿದೆ.

“ಹಿಟ್ಟಿನ್ಯಾಗ ಜ್ವಾಳ ಕಲಸಿದಾಕಿ ನಾನ್ರಿ.”

ಬಸ್ಸಿನ ಸದ್ದು. “ಏನಂದಿ?” ಅಂದರು. ಇಷ್ಟು ವರ್ಷ ನುಂಗಿಟ್ಟ ಮಾತನ್ನು ಹೊರಹಾಕಿದರೆ ಅದೂ ಕೇಳಿಸಬಾರದೇ! ಕೂಗಿ ಹೇಳಿದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಎಲ್ಲ ಹೇಳಿದೆ — ಮೊದಲ ಹಿಡಿಯಿಂದ ಗಿರಣಿಯ ಮುಂದಿನ ಮಾತಿನವರೆಗೆ. ಅವರು ಕಿಟಕಿಯ ಕಡೆ ಮುಖ ಮಾಡಿದರು. ಬಸ್ಸಿಳಿದ ಮೇಲೆ ಒಂದೇ ಮಾತು ಕೇಳಿದರು.

“ನಾ ಬಿದ್ದಾಗೂ ನಿನಗ ಹೇಳಬೇಕು ಅನ್ನಿಸ್ಲಿಲ್ಲಾ?”

ಅನ್ನಿಸಿತ್ತು. ಬರೀ ಅನ್ನಿಸಿದ್ದಕ್ಕೆ ಏನು ಬೆಲೆ?

ಮರುದಿನದಿಂದ ಅವರ ನಾಷ್ಟಾ ಅವರೇ ಮಾಡಿಕೊಳ್ಳುತ್ತಾರೆ. ಹಿಟ್ಟು ಕಲಸುತ್ತಾರೆ, ಗಂಟಾಗುತ್ತದೆ, ದೋಸೆ ಹಂಚಿಗೆ ಹತ್ತುತ್ತದೆ, ಕಿತ್ತುಕೊಂಡು ತಿನ್ನುತ್ತಾರೆ. ನನ್ನನ್ನು ಕರೆಯುವುದಿಲ್ಲ. ಗಿರಣಿಗೆ ಹೋಗೋಣ ಬರ್ರಿ ಅಂದೆ. “ಯಾವ ಮಾರಿ ಹೊತ್ಕೊಂಡು ಹೋಗ್ಲಿ? ನಾ ಒಲ್ಲೆ,” ಅಂದರು. ಒಂದು ಸಂಜೆ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದದ್ದನ್ನು ನಾನು ನೋಡಿದೆ.

ಕೊನೆಗೆ ನಾನೊಬ್ಬಳೇ ಹೋದೆ. ಮಧ್ಯಾಹ್ನ, ಗಿರಣಿ ನಿಂತ ಹೊತ್ತು. ಮಕ್ತುಮಣ್ಣ ಒಬ್ಬರೇ ಕೂತಿದ್ದರು. ಹೇಳಿದೆ. ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದರು. ಬಯ್ಯುತ್ತಾರೆ ಅಂದುಕೊಂಡಿದ್ದೆ, ಇಲ್ಲ. ಅಳುತ್ತಾರೆ ಅಂದುಕೊಂಡಿದ್ದೆ, ಅದೂ ಇಲ್ಲ. ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಅಂದರು:

“ಅವತ್ತ ಗಿರಣಿ ತುಂಬ ಮಂದಿ ಇದ್ರು, ವೈನಿ. ಇವತ್ತ ಯಾರೂ ಇಲ್ಲದ ಹೊತ್ತು ನೋಡಿ ಬಂದೀರಿ.”

ಮರುದಿನ ಬೆಳಗ್ಗೆ, ಸಾಲು ಇರುವಾಗ ಹೋದೆ. ಮೊದಲಿನಷ್ಟು ಉದ್ದದ ಸಾಲಲ್ಲ ಈಗ. ಮುಂದೆ ಹೋಗಿ ನಿಂತು ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು, “ಯವ್ವಾ, ಪಾಳಿ ಹಚ್ಚಿ ನಿಂದ್ರಿ, ನಾವೇನ ಹುಚ್ಚರಂತ ನಿಂತೇವೇನು?” ಅಂದಳು. “ಬೀಸಾಕ ಬಂದಿಲ್ಲ, ಹೇಳಾಕ ಬಂದೇನಿ,” ಅಂದೆ. ಮಶೀನಿನ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಿಸಲಿಲ್ಲ. ಮಕ್ತುಮಣ್ಣ ಮಶೀನು ಬಂದ್ ಮಾಡಿದರು. ಆಗ ಎಲ್ಲ ಹೇಳಿದೆ, ನನ್ನ ಹೆಸರು, ನನ್ನ ಗಂಡನ ಹೆಸರು ಹಿಡಿದು. ಯಾರೋ ಥೂ ಅಂದರು. ಯಾರೋ ನಕ್ಕರು. ಮಕ್ತುಮಣ್ಣ ನನ್ನ ಕಡೆ ನೋಡದೆ ಮತ್ತೆ ಮಶೀನು ಹಚ್ಚಿದರು.

ಮಕ್ತುಮಣ್ಣ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನು ಮತ್ತೆ ಕೇಳುವುದೂ ಇಲ್ಲ. ಮುಂಡರಗಿಯ ಮದುವೆಯಲ್ಲಿ ನಮ್ಮೆದುರಿಗೆ ಕೂತಿದ್ದವರ ಮನೆ ಯಾವ ಓಣಿಯಲ್ಲಿದೆ ಎಂದು ಬೀಗರಿಂದ ಕೇಳಿ ತಿಳಿದುಕೊಂಡಿದ್ದೇನೆ. ಅಲ್ಲಿಯೂ ಹೇಳಿಬರಲು ಬುಧವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ನಮ್ಮವರು ಜೊತೆಗೆ ಬರುತ್ತೇನೆ ಅಂದಿಲ್ಲ. ನಾನು ಕರೆದೂ ಇಲ್ಲ.