ಚಾಮರಾಜಪೇಟೆಯ ಫ್ಲಾಶ್ ಅಕ್ಕ

ಅವರ ಎಡಗೈ ಹೆಬ್ಬೆರಳ ತುದಿ ಹುಣಸೆಬೀಜದಷ್ಟಗಲ ಜಡ್ಡುಗಟ್ಟಿತ್ತು. ಬ್ಯಾಟರಿ ತೆಗೆದ ಫೋನಿನ ಬೆನ್ನಿಗೆ ಕೇಬಲ್ಲನ್ನು ಆ ಬೆರಳಿನಿಂದಲೇ ಒತ್ತಿ ಹಿಡಿಯುತ್ತಿದ್ದರು. ಕಂಪ್ಯೂಟರಿನಿಂದ ಹೊಸ ಸಾಫ್ಟ್‌ವೇರ್ ಇಳಿದು ಮುಗಿಯುವವರೆಗೆ ಬೆರಳು ಕದಲುವಂತಿಲ್ಲ. ಕದಲಿದರೆ ಫೋನ್ ಸತ್ತಂತೆಯೇ.

ಎರಡು ಸಾವಿರದ ದಶಕದ ನಡುವಿನ ಮಾತು. ಚಾಮರಾಜಪೇಟೆಯ ಒಂದು ಮಹಡಿ ಮೆಟ್ಟಿಲ ಕೆಳಗೆ ಅವರ ಅಂಗಡಿ. ಅದರ ಗೋಡೆ ನೀಲಿ ಎಂದು ನಾನು, ಹಸಿರು ಎಂದು ಅಮ್ಮ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೀಗೆ ಹೊಸ ಸಾಫ್ಟ್‌ವೇರ್ ತುಂಬುವುದಕ್ಕೆ ಫ್ಲಾಶ್ ಮಾಡುವುದು ಎನ್ನುತ್ತಿದ್ದರು; ಎಲ್ಲರಿಗೂ ಅವರು ಫ್ಲಾಶ್ ಅಕ್ಕ. "ಬೇಗ ಆಗುತ್ತಾ ಅಕ್ಕಾ?" ಎಂದು ಯಾರಾದರೂ ಬಗ್ಗಿ ನೋಡಿದರೆ, "ಮುಚ್ಚಳ ತೆಗ್ದು ತೆಗ್ದು ನೋಡಿದ್ರೆ ಇಡ್ಲಿ ಬೇಯುತ್ತೇನಪ್ಪಾ? ಟೇಬಲ್ ಮೇಲಿಂದ ಕೈ ತೆಗಿ" ಎನ್ನುವರು.

ಫ್ಲಾಶ್ ಮಾಡಿದರೆ ಫೋನಿನಲ್ಲಿದ್ದದ್ದೆಲ್ಲ ಅಳಿದುಹೋಗುತ್ತಿತ್ತು. ಅಕ್ಕ ಮಾತ್ರ ಮೊದಲು ಹಳೆಯದನ್ನು ಕಂಪ್ಯೂಟರಿಗೆ ಇಳಿಸಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದರು. "ಒಳಗೆ ಯಾರ್ಯಾರು ಏನೇನ್ ಇಟ್ಕೊಂಡಿರ್ತಾರೋ, ನಮಗೇನ್ ಗೊತ್ತು."

ಒಂದು ಬೆಳಿಗ್ಗೆ ಅಮ್ಮನ ಫೋನ್ ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಂತುಬಿಟ್ಟಿತು. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಬಂದರು ಸೇರಿದಾಗಲೆಲ್ಲ ಕಳಿಸಿದ ಮೆಸೇಜುಗಳು ಅದರಲ್ಲಿದ್ದವು. 'ತಲುಪಿದೆ ಅಮ್ಮ, ಊಟ ಆಯ್ತು', ಅಂಥವು. ಅಮ್ಮ ಒಂದನ್ನೂ ಅಳಿಸದೆ ದಿನಾ ಓದುತ್ತಿದ್ದಳು. ಕಾಲೇಜಿಗೆ ಪಾಠ ಮಾಡಲು ಹೋಗುವ ದಾರಿಯಲ್ಲಿ ನಾನೇ ಫೋನ್ ಒಯ್ದೆ.

"ಹಳೇದನ್ನ ಇಳಿಸ್ಕೊಳ್ಳೋಕೆ ಮುಕ್ಕಾಲು ಗಂಟೆ ಆಗುತ್ತೆ ಮೇಡಂ, ಕೂತ್ಕೊಳ್ಳಿ."

"ನಂಗೆ ಕ್ಲಾಸಿದೆ ಅಕ್ಕಾ. ಅದೇನೂ ಬೇಡ, ಸೀದಾ ಮಾಡ್ಬಿಡಿ."

"ಬೇಡ್ವಾ? ಅಮ್ಮನ್ನ ಕೇಳಿದೀರಾ?"

"ಕೇಳಿದೀನಿ" ಎಂದೆ. ಕೇಳಿರಲಿಲ್ಲ. ಮೆಸೇಜುಗಳು ಆಗ ನೆನಪಿಗೇ ಬರಲಿಲ್ಲವೆಂದು ಬಹಳ ಕಾಲ ಹೇಳಿಕೊಂಡೆ. ಬಂದಿದ್ದವು ಎಂದೇ ಈಗ ಅನ್ನಿಸುತ್ತದೆ.

ಸಂಜೆ ಫೋನ್ ಖಾಲಿಯಾಗಿರುವುದು ಕಂಡು ಅಮ್ಮ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದಳು. "ನನ್ ಮಗನ ಮೆಸೇಜೆಲ್ಲ ಎಲ್ಲಮ್ಮಾ?"

ಅಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ತಪ್ಪಾಯ್ತಮ್ಮಾ. ಇಳಿಸ್ಕೊಳ್ಳೋದು ಮರ್ತ್ಬಿಟ್ಟೆ."

"ಬರದೇ ಇರೋ ಕೆಲ್ಸಕ್ಕೆ ಯಾಕೆ ಕೈ ಹಾಕ್ತೀಯಾ? ಬೋರ್ಡ್ ಬೇರೆ ಕೇಡು!" ಕಾಯುತ್ತಿದ್ದ ಗಿರಾಕಿಗಳೆಲ್ಲ ಕೇಳಿಸಿಕೊಂಡರು. ಅಮ್ಮ ಭಜನೆಯವರಿಗೂ ಹೇಳಿದಳು. ನಮ್ಮ ಬೀದಿಯವರು ಆ ಅಂಗಡಿಗೆ ಹೋಗುವುದನ್ನು ಬಿಟ್ಟರು. ಆ ದಿನದ ನನ್ನ ಡೈರಿಯಲ್ಲಿರುವುದು ಇಷ್ಟೇ: 'ಅಮ್ಮನ ಮೆಸೇಜುಗಳು ಹೋದವು. ಅಕ್ಕ ಮರೆತರು.'

ತಿಂಗಳುಗಳ ಮೇಲೆ ಧೈರ್ಯ ಮಾಡಿ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕೈಯಲ್ಲಿದ್ದ ಫೋನಿನಿಂದ ಅವರು ಕಣ್ಣೆತ್ತಲಿಲ್ಲ.

"ನನ್ ಮೇಲೆ ಸಿಟ್ಟು ಬಂದ್ರೆ ನಿಮ್ಮಮ್ಮ ಬೇರೆ ಅಂಗ್ಡಿಗೆ ಹೋಗ್ತಾರೆ. ನಿಮ್ ಮೇಲೆ ಬಂದ್ರೆ ಎಲ್ಲಿಗೆ ಹೋಗ್ತಾರೆ?" ಆಮೇಲೆ ಮೆಲ್ಲಗೆ, "ಆದ್ರೂ ಯಾವತ್ತಾದ್ರೂ ಹೇಳ್ಬಿಡಿ ಮೇಡಂ. ಅದೊಂದು ಕೆಲ್ಸ ನಾನು ಯಾವತ್ತೂ ಮರ್ತೋಳಲ್ಲ."

ನಾನು ಹೇಳಲಿಲ್ಲ. ನಾಳೆ, ಹಬ್ಬ ಕಳೀಲಿ, ತಮ್ಮ ಬರಲಿ ಎಂದು ವರ್ಷಗಳೇ ಸಂದವು.

ಅಕ್ಕ ತೀರಿಕೊಂಡ ಸುದ್ದಿಯನ್ನು ಹೂವಿನವಳು ತಂದಳು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ.

"ಅಷ್ಟು ಜನರ ಮುಂದೆ ಅವಳಿಗೆ ನಾನು ಏನೇನೋ ಅಂದ್ನಲ್ಲೇ" ಎಂದಳು, ಅಷ್ಟೇ. ಮೊರ ಪಕ್ಕಕ್ಕಿಟ್ಟು ಎದ್ದು ಸೀರೆ ಬದಲಿಸಿ ಬಂದಳು.

"ಅವಳ ಮನೆ ಎಲ್ಲಿ?"

ಎಷ್ಟೋ ಸಲ ಆ ಅಂಗಡಿಗೆ ಹೋಗಿಬಂದಿದ್ದರೂ ನನಗೆ ಗೊತ್ತಿರಲಿಲ್ಲ. ಹೂವಿನವಳನ್ನು ಕೇಳಲು ಅಮ್ಮ ಆಗಲೇ ಗೇಟು ದಾಟಿದ್ದಳು.